ಮೂರು ರೊಟ್ಟಿಯಾಗ ಅರ್ಧ ಎಷ್ಟು

ನಾನು ಸೊಸೆಯಾಗಿ ಈ ಮನೆಗೆ ಬಂದ ಮರುದಿನವೇ ನನ್ನನ್ನು ಒಲೆಯ ಮುಂದೆ ಕೂರಿಸಿದರು. ಹೊಸ ಮನೆ, ಹೊಸ ಒಲೆ, ಹಿಟ್ಟಿನ ಹದ ಕೈಗೆ ಹತ್ತಲೊಲ್ಲದು. ಹೇಗೋ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ಎದ್ದಿತು. ಅತ್ತೆ ದೇವಕಮ್ಮ ಅದನ್ನು ಬಿಸಿಬಿಸಿಯಾಗಿಯೇ ಎತ್ತಿ, ಎರಡು ಹೋಳು ಮಾಡಿ, ಒಂದರ ಮೇಲೆ ಶೇಂಗಾ ಹಿಂಡಿಯ ಚಟ್ನಿಪುಡಿ ಉದುರಿಸಿ, ಎಣ್ಣೆ ಬಿಟ್ಟು ನನ್ನ ಮುಂದಿಟ್ಟಳು. ಇಟ್ಟು "ಲಾಭ" ಎಂದಳು.

ನನಗೆ ಗಾಬರಿ. ನನ್ನ ತವರಿನಲ್ಲಿ ರೊಟ್ಟಿ ಬಡಿಯುವ ಹೆಂಗಸು ಎಲ್ಲರಿಗಿಂತ ಮೊದಲು ಬಾಯಿಗೆ ಹಾಕಿಕೊಂಡರೆ ಬೆನ್ನ ಮೇಲೆ ಬಿದ್ದೇ ಬೀಳುತ್ತಿತ್ತು. ಹೊಸ ಸೊಸೆಯ ಬಾಯಿಚಪಲ ಎಷ್ಟಿದೆ ಎಂದು ಈ ಮುದುಕಿ ನೋಡುತ್ತಿದ್ದಾಳೆ ಎಂದುಕೊಂಡು ತಟ್ಟೆಯನ್ನು ಹಿಂದಕ್ಕೆ ಸರಿಸಿದೆ.

"ತಿನ್ನು ಸುಂದ್ರವ್ವ," ಎಂದಳು. "ನೀ ತಿನ್ನಲಿಲ್ಲಂದ್ರ ಈ ಮನಿ ಲೆಕ್ಕ ತಪ್ಪತದ."

ಎಂಥ ಹುಚ್ಚರ ಮನೆಗೆ ಬಂದು ಬಿದ್ದೆನವ್ವಾ ಎಂದು ಅವತ್ತು ಅಂದುಕೊಂಡದ್ದು ನಿಜ. ಆ ಲೆಕ್ಕದ ಕತೆಯನ್ನು ಆಮೇಲೆ ಅತ್ತೆಯ ಬಾಯಿಂದ ಸಾಕು ಸಾಕೆನ್ನುವಷ್ಟು ಸಲ ಕೇಳಿದೆ. ಮಾವನೂ ಹೇಳುತ್ತಿದ್ದರು. ಆದರೆ ತಾವು ಹೆದರಿದ ಭಾಗ ಬಂದಾಗ ಒಮ್ಮೆ ಕೆಮ್ಮಿ ಮುಂದಕ್ಕೆ ಹಾರಿಬಿಡುತ್ತಿದ್ದರು. ಅದಕ್ಕೇ ಇಬ್ಬರ ಮಾತು ಕೂಡದ ಕಡೆ ನಾನು ಅತ್ತೆಯನ್ನೇ ನಂಬಿದ್ದೇನೆ.

ನನ್ನ ಮಾವ ತಾಯಪ್ಪ ಮಾಸ್ತರರು ಸುರಪುರದ ಕೇರಿಯಲ್ಲಿ ಹುಟ್ಟಿದವರು. ಊರ ಹೊರಗಿನ ಕೇರಿ, ಬಿಡಿಸಿ ಹೇಳಬೇಕಾಗಿಲ್ಲ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಬಾಗಿಲ ಹತ್ತಿರ, ಎಲ್ಲರೂ ಚಪ್ಪಲಿ ಬಿಡುವ ಜಾಗದಲ್ಲಿ ಕುಳಿತು ಏಳನೇ ಜಮಾತ್ ಪಾಸು ಮಾಡಿದರು. ನಮ್ಮವರಲ್ಲಿ ಅಷ್ಟು ಓದಿದವರು ಆ ಸುತ್ತಿನಲ್ಲಿ ಯಾರೂ ಇರಲಿಲ್ಲ. ಪೊಲೀಸ್ ಆ್ಯಕ್ಷನ್ ಆಗಿ, ನಿಜಾಮರ ರಾಜ್ಯ ಭಾರತದೊಳಗೆ ಸೇರಿಹೋದ ಮೇಲೆ ಹಳ್ಳಿಹಳ್ಳಿಗೂ ಕನ್ನಡ ಶಾಲೆ ಎಂದರು. ಶಾಲೆ ಎಂದರೆ ಮಾಸ್ತರರು ಬೇಕಲ್ಲ? ಸಿಕ್ಕಸಿಕ್ಕವರನ್ನು ಹಿಡಿದು ಹಂಗಾಮಿ ನೌಕರಿ ಕೊಟ್ಟರು. ಹಾಗೆ ಮಾವನಿಗೆ ಬೋನಾಳದ ಕೆರೆಯ ಮಗ್ಗುಲಿನ ಒಂದು ಹಳ್ಳಿಯ ಶಾಲೆ ಸಿಕ್ಕಿತು. ಹಳ್ಳಿಯ ಹೆಸರು ಬೇಡ, ಅಲ್ಲಿನವರು ಈಗಲೂ ಬಸ್ಸಿನಲ್ಲಿ ಕಂಡರೆ ನನ್ನನ್ನು ಮಾತಾಡಿಸುತ್ತಾರೆ. ಅದು ಮಾವನ ತಾಯಿ ಅಂಬವ್ವನ ತವರು. ಅಲ್ಲಿಯ ಕೇರಿಯಲ್ಲೇ ತಾಯಿ, ಮಗ, ಹೊಸದಾಗಿ ಮದುವೆಯಾಗಿ ಬಂದ ನನ್ನ ಅತ್ತೆ, ಮೂವರೂ ಒಂದು ಗುಡಿಸಲಲ್ಲಿ ಬಿಡಾರ ಹೂಡಿದರು.

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಅನ್ನುತ್ತಾರೆ. ಸರ್ಕಾರ ನೌಕರಿ ಕೊಟ್ಟರೂ ಹಂಪಣ್ಣ ಬಿಡಲೊಲ್ಲ. ಹಂಪಣ್ಣ ಊರ ಹಿರಿಯ, ಊರ ಹೊಲದಲ್ಲಿ ಅರ್ಧಕ್ಕರ್ಧ ಅವನದು. ಕೇರಿಯ ಹುಡುಗ ಬಂದು ತನ್ನ ಮೊಮ್ಮಗಳು ಮೌನಮ್ಮನಿಗೆ ಪಾಠ ಹೇಳುವುದು ಅವನಿಗೆ ನುಂಗಲಾರದ ತುತ್ತು. ಮೊಮ್ಮಗಳನ್ನು ಬಿಡಿಸಿ ಮನೆಯಲ್ಲಿ ಕೂರಿಸೋಣವೆಂದರೆ ಆ ಹುಡುಗಿ ಕೂಳು ಬಿಟ್ಟು ಮಲಗುತ್ತಿದ್ದಳಂತೆ. ಹಾಗಾಗಿ ಹಂಪಣ್ಣ ಹೊಲಕ್ಕೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಶಾಲೆಯ ಬಾಗಿಲಲ್ಲಿ ನಿಂತು, ಒಳಗೆ ಮಾಸ್ತರ ಎಲ್ಲಿ ಎಡವುತ್ತಾನೆ ಎಂದು ಕಿವಿಗೊಟ್ಟು ಕೇಳುವುದು ಶುರುಮಾಡಿದ.

"ಏ ತಾಯ್ಯಾ," ಎಂದ ಒಂದು ದಿನ, ಮಾವನ ಹೆಸರು ಮುರಿದು, ಹುಡುಗರ ಎದುರಿಗೇ. "ಈ ಮಾಸ್ತರಕಿ ಎಷ್ಟು ದಿನದ್ದು ನೋಡೂಣು. ಹೋದ ಮರುದಿನ ಸೀದಾ ನಮ್ಮ ಹೊಲಕ್ಕ ಬಾ. ನಿಮ್ಮ ಮುತ್ಯಾ ಹಿಡದ ಕುಂಟಿ ಇನ್ನಾ ನಮ್ಮ ಕೊಟ್ಟಿಗ್ಯಾಗ ಅದ."

ಮುತ್ಯಾ ಎಂದರೆ ಅಂಬವ್ವನ ಅಪ್ಪ. ಹಂಪಣ್ಣನ ಮನೆಯ ಜೀತದಲ್ಲೇ ಹುಟ್ಟಿ, ಜೀತದಲ್ಲೇ ಸತ್ತವನು. ಆ ಮಾತು ಕೇಳಿದಂದಿನಿಂದ ಮಾವನಿಗೆ ಕೂತರೂ ನಿಂತರೂ ಕಣ್ಣ ಮುಂದೆ ಅದೇ ಕುಂಟೆ.

ಆ ಹೊತ್ತಿಗೇ ಹುಕುಂ ಬಂತು. ಶ್ರಾವಣ ಮುಗಿಯುವುದರೊಳಗೆ ಯಾದಗಿರಿ ಕಡೆಯಿಂದ ಇನ್ಸ್‌ಪೆಕ್ಟರ್ ಭಗವಂತರಾಯರು ಬಂದು ಪಾಠ ನೋಡುತ್ತಾರೆ. ನಾಲ್ಕನೇ ತರಗತಿ, ಗಣಿತ, ಭಿನ್ನರಾಶಿ ಭಾಗಾಕಾರ. ಪಾಠ ಮನಸ್ಸಿಗೆ ಬಂದರೆ ನೌಕರಿ ಕಾಯಂ, ಬಾರದಿದ್ದರೆ ಬರತರ್ಫ.

ಮಾವ ಸಿಕ್ಕಿಬಿದ್ದದ್ದು ಅಲ್ಲೇ. ಮಾತು ಕನ್ನಡವೇ, ಅಕ್ಷರವನ್ನೂ ಕಷ್ಟಪಟ್ಟು ಕಲಿತಿದ್ದರು. ಆದರೆ ತಲೆಯೊಳಗೆ ಲೆಕ್ಕ ಮಾತ್ರ ಉರ್ದುವಿನಲ್ಲೇ ನಡೆಯುತ್ತಿತ್ತು. ಭಿನ್ನರಾಶಿಗೆ ಕಸರ್, ಭಾಗಾಕಾರಕ್ಕೆ ತಕ್ಸೀಮ್, ಗುಣಾಕಾರಕ್ಕೆ ಜರಬ್. ಕಸರಿನಿಂದ ತಕ್ಸೀಮ್ ಮಾಡಬೇಕಾದರೆ ಅದನ್ನು ಉಲ್ಟಾ ಮಾಡಿ ಜರಬ್ ಕೊಡು. ಇಷ್ಟು ಗಿಳಿಪಾಠ. ಅದನ್ನು ಕನ್ನಡದಲ್ಲಿ ಹೇಳಲು ಹೋದಾಗ, ಕೆಳಗಿನದನ್ನು ಮೇಲೆ, ಮೇಲಿನದನ್ನು ಕೆಳಗೆ ಯಾಕೆ ಮಾಡಬೇಕು ಎಂಬುದು ತಮಗೇ ಗೊತ್ತಿಲ್ಲವೆಂದು ಗೊತ್ತಾಯಿತು. ಉರ್ದುವಿನಲ್ಲಿದ್ದಷ್ಟು ದಿನ ಆ ಅಜ್ಞಾನ ಮುಚ್ಚಿಕೊಂಡು ಕೂತಿತ್ತು.

ರವಿವಾರ ಸುರಪುರಕ್ಕೆ ನಡೆದುಹೋಗಿ ತಮ್ಮ ಹಳೆಯ ಉಸ್ತಾದ ಸರದಾರಸಾಬರನ್ನು ಕಂಡರು. ಸರದಾರಸಾಬರಿಗೆ ವಯಸ್ಸಾಗಿತ್ತು. ಉರ್ದು ಶಾಲೆ ಹೋದ ಮೇಲೆ ಮನೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಮಾವನ ಪ್ರಶ್ನೆ ಕೇಳಿ ಮೊದಲು ನಕ್ಕರು, ಆಮೇಲೆ ಗಡ್ಡ ನೀವಿಕೊಂಡರು.

"ಬೇಟಾ, ನಿನಗ ಹೊಡದು ಹೊಡದು ಕಲಿಸೀನಿ. ಖರೇ ಹೇಳ್ತೀನಿ, ಯಾಕ ಅಂತ ನಂಗ ಯಾರೂ ಕೇಳಿದ್ದಿಲ್ಲ. ಎಲ್ಲಾರೂ ಹೂಂ ಅಂದ್ರು, ನಾನೂ ಮುಂದ ಹೋದೆ. ನೀ ಒಂದು ಕೆಲಸ ಮಾಡು. ಹೂಂ ಅನ್ನೋರ ಮುಂದ ಪಾಠ ಹೇಳಬ್ಯಾಡ. ಹೂಂ ಅನ್ನದ ಒಂದು ಮನಷ್ಯಾನ್ನ ಹುಡುಕು."

"ಹುಡುಕೂದೇನು ಬ್ಯಾಡ್ರಿ," ಎಂದರಂತೆ ಮಾವ. "ಮನ್ಯಾಗ ಒಬ್ಬಾಕಿ ಅದಾಳ."

ಅಷ್ಟು ಕಷ್ಟದಲ್ಲೂ ಆ ಮಾತು ಹೊಳೆಯಿತಲ್ಲ, ಅದಕ್ಕೆ ಮೆಚ್ಚಬೇಕು. ನನ್ನ ಅತ್ತೆಯಂಥ ಮೊಂಡ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ತಿಳಿಯದ ಮಾತಿಗೆ ತಲೆಯಾಡಿಸುವುದು ಅವಳ ಹಣೆಯಲ್ಲೇ ಬರೆದಿರಲಿಲ್ಲ. ಡಾಕ್ಟರು ಗುಳಿಗೆ ಕೊಟ್ಟರೂ ಇದು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳಿ, ಅವರು ಹೇಳುವವರೆಗೂ ಎದ್ದು ಬರುತ್ತಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹಂಪಣ್ಣನ ಹೊಲಗಳಲ್ಲೇ ಕೂಲಿಗೆ ಹೋಗುತ್ತಿದ್ದಳು.

ಮರುದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುತ್ತಿರುವಾಗ ಮಾವ ಇದ್ದಿಲು ಹಿಡಿದು ನೆಲದ ಮೇಲೆ ಲೆಕ್ಕ ಬರೆದರು.

"ಏ ದೇವಕಿ, ಇಲ್ಲಿ ನೋಡು. ಮೂರನ್ನ ಅರ್ಧದಿಂದ ಭಾಗಿಸಬೇಕು. ಅರ್ಧ ಅಂದ್ರ ಮ್ಯಾಲ ಒಂದು, ಕೆಳಗ ಎರಡು. ಇದನ್ನ ತಿರುವಿ ಹಾಕಬೇಕು. ಮ್ಯಾಲ ಎರಡು, ಕೆಳಗ ಒಂದು. ಆಮ್ಯಾಲ ಗುಣಿಸಬೇಕು. ಆರು ಬಂತು. ತಿಳೀತಿಲ್ಲ?"

"ಇಲ್ಲ."

"ಏನು ತಿಳಿಲಿಲ್ಲ?"

"ಯಾಕ ತಿರುವಿ ಹಾಕಿದ್ರಿ?"

"ನಿಯಮ ಅದ."

"ಯಾರು ಮಾಡಿದ್ದು?"

"ಮೊದಲಿಂದ ಅದ. ಹಳೇ ಶಾಲಿಯಾಗ ಹಂಗ ಕಲಸ್ತಿದ್ರು."

"ಹಳೇ ಸರ್ಕಾರನ ಹೋತು, ಅದರ ನಿಯಮ ಇನ್ನಾ ಅದ ಏನು?" ಎಂದಳು ಅತ್ತೆ, ರೊಟ್ಟಿ ತಿರುವುತ್ತ. "ಅದಿರಲಿ. ಅಣ್ಣತಮ್ಮರು ಹೊಲ ಭಾಗ ಮಾಡಿಕೊಂಡ್ರ ಒಬ್ಬೊಬ್ಬರ ಪಾಲಿಗೆ ಕಡಿಮಿ ಬರ್ತದೋ ಹೆಚ್ಚಿಗಿ ಬರ್ತದೋ? ಮೂರನ್ನ ಭಾಗ ಮಾಡಿದ್ರ ಆರು ಹ್ಯಾಂಗ ಆತು? ಉಳಿದ ಮೂರು ಎಲ್ಲಿಂದ ತಂದ್ರಿ?"

ಉತ್ತರ ಬರದ ಗಂಡಸಿಗೆ ಏನು ಬರುತ್ತದೆ? ಸಿಟ್ಟು. "ಕೋಣನ ಮುಂದ ಕಿನ್ನರಿ ಬಾರಿಸಿದಂಗ ಆತು," ಎಂದು ಮಾವ ಇದ್ದಿಲನ್ನು ಒಲೆಗೆ ಎಸೆದು, ಉಣ್ಣದೆ ಶಾಲೆಗೆ ಹೋದರು. ಅಲ್ಲಿ ಅದೇ ಲೆಕ್ಕ ಹೇಳಿ "ತಿಳೀತೇನ್ರಪಾ?" ಎಂದರೆ ಹುಡುಗರೆಲ್ಲ ಒಂದೇ ದನಿಯಲ್ಲಿ "ಹೂಂರೀ" ಎಂದರು. ಅಷ್ಟು ದಿನ ಆ ಹೂಂ ಕೇಳಿ ಖುಷಿಪಡುತ್ತಿದ್ದ ಮಾವನಿಗೆ ಅವತ್ತು ಅದು ಪೊಳ್ಳಾಗಿ ಕೇಳಿಸಿತಂತೆ. ಇನ್ಸ್‌ಪೆಕ್ಟರ್ ಎದುರಿಗೆ ಈ ಹೂಂ ಎಷ್ಟು ಹೊತ್ತು ನಿಂತೀತು?

ಸಂಜೆ ಬಂದು ಸೋತ ಮುಖದಲ್ಲಿ ಒಲೆಯ ಹತ್ತಿರವೇ ಕೂತರು. ಅಂಕೆ ಬಿಟ್ಟು ರೊಟ್ಟಿಗೆ ಕೈ ಹಾಕಿದರು.

"ಮೂರು ರೊಟ್ಟಿ ಅವ. ಒಬ್ಬೊಬ್ಬರಿಗೆ ಅರ್ಧರ್ಧ ಕೊಟ್ರ ಎಷ್ಟು ಮಂದಿ ಉಣ್ತಾರ?"

ಅತ್ತೆ ಮೂರು ರೊಟ್ಟಿ ಮುರಿದಳು. ಹೋಳುಗಳನ್ನು ಒಂದೊಂದಾಗಿ ಸರಿಸುತ್ತ ಎಣಿಸಿದಳು. ನಮ್ಮ ಕಡೆ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎಂದು ಶುರುಮಾಡುತ್ತಾರೆ. ಕೂಲಿ ಮಾಡಿ ಬೆಳೆದ ಅತ್ತೆಗೆ ಗೊತ್ತಿದ್ದದ್ದು ಆ ಎಣಿಕೆ ಒಂದೇ.

"ಲಾಭ, ಎರಡು, ಮೂರು, ನಾಕು, ಐದು. ಐದು ಮಂದಿ."

"ಆರು!"

"ಐದು."

"ಸರಿಯಾಗಿ ಎಣಿಸು."

"ಸರಿಯಾಗೇ ಎಣಿಸೀನಿ. ಐದು ಮಂದಿ."

ಮಾವ ಎರಡು ರೊಟ್ಟಿ ಇಟ್ಟರು. ಮೂರು ಮಂದಿ ಎಂದಳು. ನಾಲ್ಕು ಇಟ್ಟರು. ಏಳು ಮಂದಿ ಎಂದಳು. ಹೇಗೆ ಕೇಳಿದರೂ ಒಂದು ಕಡಿಮೆ. ಒಂದು ಹೋಳು ಬುಟ್ಟಿಯ ತಳದಲ್ಲೇ ಉಳಿಯುತ್ತಿತ್ತು, ಅವಳ ಕೈ ಅದರತ್ತ ಹೋಗುತ್ತಲೇ ಇರಲಿಲ್ಲ. ಇಬ್ಬರ ದನಿಯೂ ಏರಿತು. ಹೊಲದಲ್ಲಿ ಸಾಲು ತಪ್ಪದ ಹೆಂಗಸಿಗೆ ಆರು ಹೋಳು ಎಣಿಸಲು ಬಾರದೇ ಎಂದು ಮಾವ ತಲೆ ತಲೆ ಚಚ್ಚಿಕೊಂಡರು. ಹೊರಗೆ ಕೂತು ತೊಗರಿ ಹಸನು ಮಾಡುತ್ತಿದ್ದ ಅಂಬವ್ವನಿಗೆ ಕೇಳಿ ಕೇಳಿ ಸಾಕಾಯಿತು.

"ಅಕಿ ಸರಿ ಎಣಿಸ್ಯಾಳ," ಎಂದಳು. "ನಿನಗ ತಿಳೀವಲ್ದು. ಎಷ್ಟು ಮಂದಿಗೆ ನೀಡೂದು ಅಂತಲ್ಲೇನು ನೀ ಕೇಳಿದ್ದು? ರೊಟ್ಟಿ ಬಡದಾಕಿನ್ನ ಯಾರು ಎಣಸ್ತಾರೋ? ಎಲ್ಲಾರದೂ ಆದ ಮ್ಯಾಲ ಉಳಿದದ್ದು ಅಕಿದು. ನಿನ್ನ ಸಾಕುವಾಗ ನನ್ನ ನಾ ಎಣಿಸಿಕೊಂಡಿದ್ದೆ ಏನು?"

ಮಾವ ಬುಟ್ಟಿಯ ತಳದ ಹೋಳನ್ನೇ ನೋಡುತ್ತ ಕೂತರು. ತಾಯಿ ಸಾಕಿದ ಅಷ್ಟು ವರ್ಷ, ಮದುವೆಯಾದ ಈ ತಿಂಗಳುಗಳು, ತಾನು ಉಂಡೆದ್ದ ಮೇಲೆ ಒಳಗೆ ಏನು ಉಳಿದಿತ್ತು ಎಂದು ಒಮ್ಮೆಯೂ ನೋಡಿರಲಿಲ್ಲ. ನಾಚಿಕೆಯಾಯಿತು ಎಂದು ಮಾವನೇ ನನ್ನ ಮುಂದೆ ಹೇಳಿದ್ದಾರೆ, ಈ ಭಾಗಕ್ಕೆ ಅವರು ಕೆಮ್ಮುತ್ತಿರಲಿಲ್ಲ.

"ಹಂಗಾದ್ರ ಬಡದಾಕಿನ್ನೂ ಹಿಡದು ಎಣಿಸು," ಎಂದರು ಮೆಲ್ಲಗೆ.

"ಬಡದಾಕಿನ್ನ ಹಿಡದ್ರ ಆರು. ಅದನ್ನ ಮೊದಲ ಹೇಳಬೇಕಿತ್ತಿಲ್ಲ?"

"ಮತ್ತ ಆರು ಎಲ್ಲಿಂದ ಬಂತು? ನೀನ ಕೇಳಿದ್ದಿ ಮುಂಜಾನಿ."

ಅತ್ತೆ ಹೋಳುಗಳನ್ನು ನೋಡಿದಳು. ಹೊಲದ ಭಾಗ ಬೇರೆ, ಇದು ಬೇರೆ. ಅಲ್ಲಿ ಮಂದಿ ಮೊದಲೇ ಗೊತ್ತು, ಪಾಲು ಗೊತ್ತಿಲ್ಲ. ಇಲ್ಲಿ ಪಾಲು ಗೊತ್ತು, ಮಂದಿ ಗೊತ್ತಿಲ್ಲ. ಅಷ್ಟು ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ. "ಒಂದು ರೊಟ್ಟಿಗೆ ಎರಡು ಹೋಳು ಆಗ್ತಾವಲ್ರಿ. ಮೂರು ರೊಟ್ಟಿಗೆ ಮೂರು ಸಲ ಎರಡು," ಎಂದಳು.

ಮೂರು ಸಲ ಎರಡು. ಮೂರು ಗುಣಿಸು ಎರಡು. ಮಾವ ಎದ್ದು ನಿಂತುಬಿಟ್ಟರಂತೆ. ಒಂದು ರೊಟ್ಟಿಯಲ್ಲಿ ಅಂಥ ಪಾಲು ಎಷ್ಟಿವೆ ಎಂದು ಕೇಳಿದರೆ ಬರುವ ಅಂಕೆಯೇ ತಿರುವಿ ಹಾಕಿದ ಅಂಕೆ. ಏಳು ಜಮಾತ್ ಓದುವಾಗ ಬೆತ್ತದ ಏಟಿನಲ್ಲಿ ಒಳಗೆ ಹೋಗಿದ್ದ ಮಾತು ಅವತ್ತು ಒಲೆಯ ಮುಂದೆ ತಿಳಿಯಿತು.

ಆದರೆ ಅತ್ತೆ ಅಷ್ಟಕ್ಕೆ ಬಿಡುವವಳೇ? ಮುಕ್ಕಾಲು ಮುಕ್ಕಾಲು ಕೊಟ್ಟರೆ ಮೂರು ರೊಟ್ಟಿ ಎಷ್ಟು ಮಂದಿಗೆ ಎಂದು ಅವಳೇ ಕೇಳಿದಳು. ನಿಯಮದಂತೆ ನಾಲ್ಕು ಎಂದರು ಮಾವ. ಅತ್ತೆ ಮೂರು ರೊಟ್ಟಿಯಿಂದಲೂ ಕಾಲು ಕಾಲು ಮುರಿದು ಪಕ್ಕಕ್ಕಿಟ್ಟು, "ಮೂರೇ ಮಂದಿ ಆದ್ರಲ್ಲ" ಎಂದಳು. ಇಬ್ಬರೂ ಕೂತು ನೋಡಿದರು. ಎರಡು ದಿನ ಜಗಳ ಆಡಿದರು. ಮೂರನೆಯ ದಿನ ಪಕ್ಕಕ್ಕಿಟ್ಟ ಚೂರುಗಳನ್ನು ಕೂಡಿಸಿ ನೋಡಿದಾಗ ಅವು ಮೂರು ಸೇರಿ ಇನ್ನೊಂದು ಮುಕ್ಕಾಲು ಆದವು. ಇಬ್ಬರೂ ಒಟ್ಟಿಗೇ ಕೂಗಿಕೊಂಡದ್ದಕ್ಕೆ ಏನಾಯಿತೋ ಎಂದು ಕೇರಿಯ ಮಂದಿ ಓಡಿ ಬಂದರಂತೆ.

ಮಾವ ಹುರುಪಿನಲ್ಲಿ ನಾಳೆಯೇ ರೊಟ್ಟಿ ಕಟ್ಟಿಕೊಂಡು ಶಾಲೆಗೆ ಒಯ್ಯುತ್ತೇನೆ ಎಂದರು. ಅಂಬವ್ವನ ಮುಖ ಕಪ್ಪಿಟ್ಟಿತು.

"ಬುದ್ಧಿ ಅದ ಏನು ನಿನಗ? ನಮ್ಮ ಮನಿ ರೊಟ್ಟಿ ಅವರ ಮಕ್ಕಳ ಕೈಯಾಗ ಕೊಡ್ತೀ? ಒಂದು ಕೂಸು ಬಾಯಿಗಿಟ್ರ ನೌಕರಿ ಒಂದ ಹೋಗಂಗಿಲ್ಲ, ಈ ಗುಡಸಲಾನೂ ಇರಂಗಿಲ್ಲ."

ಹುರುಪೆಲ್ಲ ಇಳಿಯಿತು. ತಿಳಿದದ್ದು ತಿಳಿದ ಹಾಗೆ ಹೇಳಲು ಕೈಯಲ್ಲಿ ಒಂದು ರೊಟ್ಟಿ ಹಿಡಿಯುವಂತಿಲ್ಲ. ತಪಾಸಣೆಗೆ ಒಂದು ವಾರ ಇತ್ತು. ಮಾವನಿಗೆ ನಿದ್ದೆ ಹಾರಿತು, ಅವರ ಹೊರಳಾಟದಲ್ಲಿ ಅತ್ತೆಗೂ ಹಾರಿತು. ಕೊನೆಗೆ ದಾರಿ ತೋರಿಸಿದ್ದು ಕೆರೆ. ಮಳೆ ನಿಂತ ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮಕ್ಕಳು ಕೆರೆಯ ಅಂಚಿನಲ್ಲಿ ಅಡುಗೆಯಾಟ ಆಡುತ್ತಿದ್ದರು. ಊರ ಮಕ್ಕಳು, ಕೇರಿಯ ಮಕ್ಕಳು, ಎಲ್ಲರ ಕೈಯೂ ಒಂದೇ ಎರೆಮಣ್ಣಿನಲ್ಲಿ. ಮೌನಮ್ಮ ಮಣ್ಣಿನ ರೊಟ್ಟಿ ತಟ್ಟಿ ತಟ್ಟಿ ಕಲ್ಲಿನ ಮೇಲೆ ಹಚ್ಚುತ್ತಿದ್ದಳು. ಮಾವ ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಮಣ್ಣಿನ ರೊಟ್ಟಿಗೆ ಯಾರ ಮನೆಯದು ಎಂಬ ಪ್ರಶ್ನೆ ಇಲ್ಲ.

ಮರುದಿನದಿಂದ ಶಾಲೆಯ ಅಂಗಳದಲ್ಲಿ ನಾಲ್ಕನೇ ತರಗತಿಗೆ ರೊಟ್ಟಿ ಬಡಿಯುವ ಕೆಲಸ. ಹಸಿ ಇರುವಾಗಲೇ ದಾರದಿಂದ ಕೊಯ್ದು, ಬಿಸಿಲಿಗೆ ಒಣಗಿಸಿ, ಲೆಕ್ಕ ಮಾಡುವುದು. ಬಾಗಿಲಲ್ಲಿ ನಿಂತ ಹಂಪಣ್ಣ ಮೀಸೆಯಲ್ಲೇ ನಕ್ಕ. "ಕೆಸರಾಗ ಆಡಸ್ತಾನ, ಇದಕ್ಕ ಸರ್ಕಾರ ಪಗಾರ ಕೊಡ್ತದ. ಸಾಹೇಬ್ರು ಬರಲಿ." ಆ ಮಾತು ಅತ್ತೆಗೆ ಹೊಲದಲ್ಲಿ ಮುಟ್ಟಿತು.

ತಪಾಸಣೆಯ ಹಿಂದಿನ ದಿನ ಮಳೆ ಹಿಡಿಯಿತು. ಒಣಗಲಿಟ್ಟಿದ್ದ ರೊಟ್ಟಿಗಳಲ್ಲಿ ಬಹಳಷ್ಟು ಕರಗಿಹೋದವು, ಉಳಿದವು ಬಿರುಕು ಬಿಟ್ಟವು. ಬೆಳಿಗ್ಗೆ ಭಗವಂತರಾಯರು ಸುರಪುರದಿಂದ ಎತ್ತಿನ ಬಂಡಿಯಲ್ಲಿ ಬಂದಿಳಿದಾಗ ಕೋಟಿನ ಅಂಚೆಲ್ಲ ಕೆಸರು, ಮುಖ ಗಂಟು. ಹಂಪಣ್ಣ ಮನೆಯಿಂದ ಎರಡು ಕುರ್ಚಿ ತರಿಸಿ, ಒಂದರಲ್ಲಿ ಸಾಹೇಬರನ್ನು ಕೂರಿಸಿ ಇನ್ನೊಂದರಲ್ಲಿ ತಾನು ಕೂತ. ಕೋಣೆಯ ನಡುವೆ ಹರಡಿದ್ದ ಮಣ್ಣಿನ ಬಿಲ್ಲೆಗಳನ್ನು ಸಾಹೇಬರು ಕೋಲಿನಿಂದ ತೋರಿಸಿದರು.

"ಇದೇನ್ರಿ ಮಾಸ್ತರ್ರೇ? ಶಾಲೀನೋ ಕುಂಬಾರ ಮನೀನೋ?"

"ಭಿನ್ನರಾಶಿರಿ, ಇವು ಮಣ್ಣಿನ ರೊಟ್ಟಿ," ಎಂದರು ಮಾವ.

"ನಾನ ಕೇಳ್ತೀನಿ ಬಿಡ್ರಿ. ಏ ಹುಡಿಗಿ, ನೀ ಎದ್ದು ನಿಲ್ಲು. ಮೂರು ರೊಟ್ಟಿ, ಒಬ್ಬೊಬ್ಬರಿಗೆ ಅರ್ಧ. ಎಷ್ಟು ಮಂದಿ?"

ಎದ್ದವಳು ಮೌನಮ್ಮ. ತಾತ ಎದುರಿಗೆ, ಸಾಹೇಬರು ಎದುರಿಗೆ, ಹುಡುಗಿ ಹೆದರಿದಳು. ಅಷ್ಟು ದಿನ ಕಲಿತದ್ದು ಮರೆತು, ಹುಟ್ಟಿದಂದಿನಿಂದ ಮನೆಯಲ್ಲಿ ಕಂಡ ಲೆಕ್ಕ ಬಾಯಿಗೆ ಬಂತು. ಹೋಳು ಸರಿಸಿ ಎಣಿಸಿದಳು.

"ಐದು ಮಂದಿರೀ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಹಂಪಣ್ಣ ಕುರ್ಚಿ ಅಲುಗಾಡುವಂತೆ ನಕ್ಕ. "ಕೇಳಿದ್ರಿಲ್ಲ ಸಾಹೇಬ್ರ? ಕೆಸರು ಕಲಸಿ ಕಲಿಸಿದ ವಿದ್ಯಾ ಇದು."

ಮಾವನ ಕಣ್ಣ ಮುಂದೆ ಕುಂಟೆ ಬಂತು. ಅಷ್ಟರಲ್ಲಿ ಮೌನಮ್ಮನ ಮೊಣಕಾಲ ಹತ್ತಿರ, ಅವಳು ಸರಿಸದೆ ಬಿಟ್ಟ ಆ ಒಂದು ಹೋಳು ಕಂಡಿತು. ಈ ಐದು ಅವರಿಗೆ ಗೊತ್ತಿತ್ತು. ಈ ಐದರ ಜೊತೆ ಅವರು ಮನೆಯಲ್ಲಿ ಜಗಳವಾಡಿದ್ದರು.

"ಸಾಹೇಬ್ರ, ಬರೀಬ್ಯಾಡ್ರಿ, ಒಂದು ನಿಮಿಷ," ಎಂದು ಹುಡುಗಿಯ ಮುಂದೆ ಕೂತರು. "ಮೌನವ್ವಾ, ಆ ಹೋಳು ಯಾರದವಾ?"

"ಅವ್ವಂದ್ರಿ."

"ಅಕಿನ್ನ ಯಾಕ ಎಣಿಸಲಿಲ್ಲ?"

"ಅಕಿ ಬಡದಾಕಿ ಅಲ್ಲೇನ್ರಿ? ಅಕಿ ಕಡೀಗೆ ಉಣ್ತಾಳ."

"ಕಡೀಗೆ ಉಂಡ್ರ ಮಂದ್ಯಾಗ ಬರಂಗಿಲ್ಲೇನು? ಅವ್ವ ಮನಷ್ಯಾಳಲ್ಲೇನು?"

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮೌನಮ್ಮನಿಗೂ ನಗು ಬಂತು, ನಗುವಿನಲ್ಲಿ ಹೆದರಿಕೆ ಹೋಯಿತು. ಆ ಹೋಳನ್ನು ತೆಗೆದು ಉಳಿದವುಗಳ ಜೊತೆ ಇಟ್ಟಳು. "ಆರು ಮಂದಿರೀ!"

ಸಾಹೇಬರ ಪೆನ್ನು ಹಾಗೇ ನಿಂತಿತ್ತು. "ಸರಿ. ತಿರುವಿ ಯಾಕ ಗುಣಸ್ತೀರಿ? ಅದನ್ನ ಹೇಳು."

"ಒಂದು ರೊಟ್ಟಿಯಾಗ ಎರಡು ಅರ್ಧ ಇರ್ತಾವಲ್ರಿ, ಅದಕ್ರೀ," ಎಂದಳು, ಇದೂ ಒಂದು ಪ್ರಶ್ನೆಯೇ ಎಂಬಂತೆ.

ಭಗವಂತರಾಯರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು. ಅವರೂ ಉರ್ದು ಶಾಲೆಯವರೇ. "ಉಲ್ಟಾ ಕರೋ ಅಂದ್ರು, ಮಾಡಿದ್ವಿ," ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿದರಂತೆ. ಮುಕ್ಕಾಲಿನ ಲೆಕ್ಕವನ್ನು ತಾವೇ ಹಾಕಿ, ಬಿರುಕು ಬಿಟ್ಟ ರೊಟ್ಟಿಗಳನ್ನು ಮುರಿದರು. ಮೂರು ಪಾಲು ಆಗಿ ಚೂರು ಉಳಿದಾಗ ಅವರ ಕೈಯೂ ನಿಂತಿತು. "ಚೂರು ಕೂಡಸ್ರಿ, ಚೂರು ಕೂಡಸ್ರಿ" ಎಂದು ಮಕ್ಕಳು ಕೂಗಿದರು. ಕೂಡಿಸಿದರು. ನಾಲ್ಕನೆಯ ಪಾಲು ಆಯಿತು. ಎದ್ದು ಕೈಯ ಮಣ್ಣು ಜಾಡಿಸುತ್ತ ಕೇಳಿದರು.

"ಟ್ರೇನಿಂಗ್ ಎಲ್ಲಿ ಆತು ಮಾಸ್ತರ್ರೇ?"

"ಮನ್ಯಾಗ್ರಿ."

"ಕಾಯಂ ಅಂತ ಬರೀತೀನಿ. ಈ ಪಾಠ ಶಹಾಪುರದಾಗ ಮಾಸ್ತರರ ಕೂಟಕ್ಕ ಬಂದು ಹೇಳಬೇಕು ನೀವು."

ಹಂಪಣ್ಣ ಎದ್ದು ಹೊರಟ. ಮನೆಯ ದಾರಿಯಲ್ಲಿ ಮೊಮ್ಮಗಳನ್ನು ಒಂದೇ ಮಾತು ಕೇಳಿದನಂತೆ. "ನಿಮ್ಮವ್ವ ಖರೇನ ಕಡೀಗೆ ಉಣ್ತಾಳೇನು?"

"ಉಳಿದ್ರ ಉಣ್ತಾಳ," ಎಂದಳಂತೆ ಮೌನಮ್ಮ.

ಇದ್ಯಾವುದೂ ಆಗ ಅತ್ತೆಗೆ ಗೊತ್ತಿಲ್ಲ. ಶಾಲೆಗೆ ಅಂಟಿದ ಸಜ್ಜೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಗೋಡೆಯಾಚೆಯಿಂದ ಮಾತು ಕೇಳುತ್ತಿರಲಿಲ್ಲ, ನಗು ಮಾತ್ರ ಕೇಳಿತು. ಮೊದಲು ಹಂಪಣ್ಣನ ನಗು. ಸ್ವಲ್ಪ ಹೊತ್ತಿಗೆ ಮಕ್ಕಳೆಲ್ಲರ ನಗು. ಹುಡುಗರೂ ಮಾಸ್ತರನನ್ನು ನೋಡಿ ನಕ್ಕರು ಎಂದರೆ ಮುಗಿಯಿತು ಎಂದುಕೊಂಡಳು. ಕಣ್ಣು ಮಂಜಾಗಿ ಕಳೆ ಬಿಟ್ಟು ಸಜ್ಜೆಯನ್ನೇ ಕಿತ್ತು ಕಿತ್ತು ಹಾಕಿದಳು. ಪಕ್ಕದ ಸಾಲಿನವಳು ಕೂಗಿ ಕೈ ಹಿಡಿದಾಗಲೇ ಎಚ್ಚರ. ನನ್ನಿಂದಲೇ ಹೋಯಿತು, ಸುಮ್ಮನೆ ಹೂಂ ಎಂದಿದ್ದರೆ ಅವರು ನಿಯಮ ಹೇಳಿ ಪಾರಾಗುತ್ತಿದ್ದರು, ನಾನು ಯಾಕೆ ಯಾಕೆ ಎಂದು ಕೇಳಿ ತಲೆ ಕೆಡಿಸಿದೆ ಎಂದು ಸಾಲು ಮುಗಿಯುವವರೆಗೂ ಅತ್ತಳು.

ಸಾಹೇಬರ ಬಂಡಿಯನ್ನು ಸುರಪುರದ ದಾರಿಗೆ ಮುಟ್ಟಿಸಿ ಮಾವ ಮನೆಗೆ ಬಂದಾಗ ಸಂಜೆ ಮುಗಿಯುತ್ತಿತ್ತು. ಮುಖ ನೋಡಲು ಅತ್ತೆಗೆ ಧೈರ್ಯ ಸಾಲಲಿಲ್ಲ. ಅಂಬವ್ವ ಮೊರ ಹಿಡಿದು ಕೂತಿದ್ದಳು. ಮಾವ ಕಾಲು ತೊಳೆದು ಸೀದಾ ಒಲೆಯ ಹತ್ತಿರ ಬಂದು ಕೂತರು.

"ಮೂರು ರೊಟ್ಟಿ ಬಡಿ," ಎಂದರು.

ಇವರಿಗೆ ತಲೆ ಕೆಟ್ಟಿತು ಎಂದುಕೊಂಡಳು ಅತ್ತೆ. ಕೇಳುವ ಧೈರ್ಯವಿಲ್ಲದೆ ಹಿಟ್ಟು ನಾದಿದಳು. ಮೊದಲ ರೊಟ್ಟಿ ಹಂಚಿನಿಂದ ಇಳಿಯಿತು. ಮಾವ ಅದನ್ನು ಬೆರಳು ಸುಡುವ ಹಾಗೇ ಎತ್ತಿ, ಎರಡು ಹೋಳು ಮಾಡಿ, ಒಂದನ್ನು ಅವಳ ಮುಂದೆ ಚಾಚಿದರು.

"ಲಾಭ."

ಅತ್ತೆಗೆ ತಿಳಿಯಲಿಲ್ಲ. ಅವಳು ಕಂಡ ಲಾಭವೆಂದರೆ ಕಂಡವರ ಕಣದಲ್ಲಿ ಕಂಡವರ ಚೀಲಕ್ಕೆ ಬೀಳುವ ಮೊದಲ ಸೇರು.

"ಹಿಡಿ ದೇವಕಿ. ಎಣಿಕಿ ನಿನ್ನಿಂದ ಸುರು. ಇದು ಲಾಭ. ಎರಡು ನಮ್ಮವ್ವಂದು, ಮೂರು ನಂದು. ಕಡೀ ತನಕ ಎಣಿಸಿದ್ರ ಆರು. ನೌಕರಿ ಉಳೀತು, ಕಾಯಂ ಆತು."

ಅಂಬವ್ವ ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅತ್ತೆ ಹೋಳನ್ನು ಕೈಯಲ್ಲಿ ಹಿಡಿದು, ಒಂದು ತುತ್ತು ಮುರಿದು ಬಾಯಿಗಿಟ್ಟಳು. ಆ ರೊಟ್ಟಿ ಅವಳು ಬಡಿದದ್ದೇ, ಹುಟ್ಟಿ ಬುದ್ಧಿ ಬಂದಾಗಿನಿಂದ ದಿನಾ ಬಡಿದದ್ದೇ.

"ಏನ್ರಿ," ಎಂದಳಂತೆ, "ಬಿಸಿ ರೊಟ್ಟಿ ಹಿಂಗ ಇರ್ತದೇನು?"